ಲಂಗರು ಕಾಯುವ ಅಳಿಯ

"ಒಂದು ವಾರ ರೀ. ಅಪ್ಪನ ಜೊತೆ ಒಂದೇ ಒಂದು ವಾರ ಜಗಳ ಆಡದೆ ಕಳೆದು ತೋರಿಸಿ. ಆಮೇಲೆ ನೀವು ಹೇಳಿದ ಮನೆಗೆ ನಾನು ಸೊಲ್ಲೆತ್ತದೆ ಬರ್ತೀನಿ."

ಹೆಂಡತಿ ಹೀಗೆ ಹೇಳಿದಾಗ ಲಿಫ್ಟ್ ಮೆಕ್ಯಾನಿಕ್ ಹಿಂದೆ ಮುಂದೆ ನೋಡದೆ ಹೂಂ ಅಂದುಬಿಟ್ಟ. ಅವನು ಮಾವನ ಮನೆ ಸೇರಿ ಮೂರು ವರ್ಷವಾಗಿತ್ತು. ಮನೆ ಅಳಿಯ ಅನ್ನುವ ಮಾತನ್ನು ಯಾರು ಎಷ್ಟು ಮೆತ್ತಗೆ ಹೇಳಿದರೂ ಅದು ಕಿವಿಗೆ ಮೆತ್ತಗೆ ಬೀಳುವುದಿಲ್ಲ. ಅತ್ತೆ ತೀರಿಕೊಂಡಿದ್ದರು, ಅಪ್ಪ ಒಬ್ಬನೇ ಆಗಿಬಿಡ್ತಾನೆ ಎಂದು ಮಗಳು ಹಟ ಹಿಡಿದಿದ್ದಳು. ಮದುವೆಯಾದ ಹೊಸದು, ಇವನೂ ದೊಡ್ಡ ಮನಸ್ಸು ಮಾಡಿ ಪೆಟ್ಟಿಗೆ ಹೊತ್ತುಕೊಂಡು ಬಂದಿದ್ದ. ಆ ದೊಡ್ಡ ಮನಸ್ಸು ಮೊದಲ ತಿಂಗಳಲ್ಲೇ ಸವೆದು ಚಿಕ್ಕದಾಯಿತು. ಆ ಮನೆಯಲ್ಲಿ ಊಟಕ್ಕೆ ಕೂತರೆ ಮಾತಾಡುವಂತಿಲ್ಲ. ಬೆಳಿಗ್ಗೆ ಬಚ್ಚಲಿಗೆ ಮೊದಲು ಮಾವ, ಆಮೇಲೆ ಮಾವನ ಬಟ್ಟೆ, ಆಮೇಲೆ ಬಿಸಿನೀರು ಉಳಿದಿದ್ದರೆ ಅಳಿಯ. ಟೀವಿಯ ರಿಮೋಟು ಮಾವನ ಅಂಗಿ ಜೇಬಿನಲ್ಲಿ ಪೆನ್ನಿನ ಹಾಗೆ ಸಿಕ್ಕಿಸಿಕೊಂಡಿರುತ್ತಿತ್ತು.

ಪಕ್ಕದ ಬೀದಿಯ ಕಟ್ಟಡದಲ್ಲಿ ಲಿಫ್ಟ್ ರಿಪೇರಿ ಮಾಡುವಾಗ ಅವನ ಕಣ್ಣಿಗೆ ಬಿದ್ದದ್ದು ಲಾಂಡ್ರಿಯ ಮೇಲಿನ ಆ ಎರಡು ಕೋಣೆ. ಕೆಳಗಿನಿಂದ ಇಸ್ತ್ರಿಯ ಬಿಸಿ ವಾಸನೆ ಬರುತ್ತದೆ, ಅಡುಗೆಮನೆಯಲ್ಲಿ ಇಬ್ಬರು ನಿಂತರೆ ಮೂರನೆಯವರು ಹೊರಗೆ ಕಾಯಬೇಕು. ಆದರೂ ಅವನಿಗೆ ಅರಮನೆ ಸಿಕ್ಕಿದಂತಾಗಿತ್ತು. ಮನೆಯೊಡತಿ ಭಾನುವಾರ ಸಂಜೆಯವರೆಗೆ ಕಾಯುತ್ತೇನೆ ಎಂದಿದ್ದಳು. ಆ ಭಾನುವಾರವೇ ಮಾವನ ಕ್ಲಬ್ಬಿನ ದೋಣಿ ರೇಸುಗಳ ವಾರದ ಕೊನೆಯ ದಿನ.

ಮಾವ ನಿವೃತ್ತ ಸ್ಟೇಷನ್ ಮಾಸ್ಟರ್. ರೈಲು ಬಿಟ್ಟ ಮೇಲೆ ಹಾಯಿದೋಣಿ ಹಿಡಿದಿದ್ದರು. ನದಿ ದಂಡೆಯ ಕ್ಲಬ್ಬಿನಲ್ಲಿ ವರ್ಷಕ್ಕೊಮ್ಮೆ ನಡೆಯುವ ವಾರದ ಪಂದ್ಯಗಳಿಗೆ ಅವರೇ ಮುಖ್ಯಸ್ಥರು. ಬಾವುಟ ಏರಿಸುವುದು, ಹಾರ್ನ್ ಊದಿಸುವುದು, ಗೆರೆ ದಾಟಿದವರನ್ನು ಹಿಡಿಯುವುದು, ಎಲ್ಲ ಅವರದೇ. ಕ್ಲಬ್ಬಿನವರೆಲ್ಲ ಅವರನ್ನು "ದೊಡ್ಡವರು" ಅನ್ನುತ್ತಿದ್ದರು, ಎದುರಿಗೆ ಗೌರವದಿಂದ, ಬೆನ್ನ ಹಿಂದೆ ಮೂಗು ಮುರಿದು. ಮಗಳು ತಾನು ಕೆಲಸ ಮಾಡುವ ಔಷಧಿ ಅಂಗಡಿಗೆ ರಜೆ ಹಾಕಿ ಫಲಿತಾಂಶದ ಕೋಣೆಯಲ್ಲಿ ಕಂಪ್ಯೂಟರಿನ ಮುಂದೆ ಕೂರುವವಳು. ಈ ಸಲ ಸ್ವಯಂಸೇವಕರು ಸಾಲದೆ ಬಂದು ಅಳಿಯನನ್ನೂ ಎಳೆದುಕೊಂಡಿದ್ದರು.

ಮೊದಲ ದಿನ ದೋಣಿ ಕಟ್ಟುವ ಜೆಟ್ಟಿಯ ಮೇಲೆ ಎಲ್ಲರ ಎದುರು ಮಾವ ಅವನನ್ನು ಪರಿಚಯಿಸಿದ ರೀತಿಯೇ ಹಾಗಿತ್ತು.

"ಇವರು ನಮ್ಮ ಅಳಿಯ ದೇವರು. ಲಿಫ್ಟ್ ರಿಪೇರಿ. ಮೇಲೆ, ಕೆಳಗೆ, ಎರಡೇ ದಿಕ್ಕು ಗೊತ್ತು. ಆದ್ದರಿಂದ ನಾನು ಇವರಿಗೆ ಲಂಗರು ಕೊಟ್ಟಿದ್ದೀನಿ. ಅದು ಕೆಳಗೆ ಹೋಗುತ್ತೆ, ಮೇಲೆ ಬರುತ್ತೆ."

ಎಲ್ಲರೂ ನಕ್ಕರು. ಅಳಿಯನೂ ಹಲ್ಲು ಬಿಟ್ಟ. ಹಲ್ಲಿನ ಹಿಂದೆ ನಾಲಿಗೆಯನ್ನು ಕಚ್ಚಿ ಹಿಡಿದಿದ್ದು ಯಾರಿಗೂ ಕಾಣಲಿಲ್ಲ.

ಕೆಲಸ ಕೇಳುವುದಕ್ಕೆ ಸುಲಭ. ನದಿಯ ನಡುವೆ, ಪಂದ್ಯ ನಡೆಸುವವರು ಕೂರುವ ಕಮಿಟಿ ದೋಣಿಯನ್ನು ಲಂಗರು ಹಾಕಿ ನಿಲ್ಲಿಸಬೇಕು. ಅಷ್ಟು ದೂರದಲ್ಲಿ ಕಿತ್ತಳೆ ಬಣ್ಣದ ದೊಡ್ಡ ಚೆಂಡೊಂದನ್ನು ತಳಕ್ಕೆ ಕಟ್ಟಿ ತೇಲಿಬಿಟ್ಟಿರುತ್ತಾರೆ. ದೋಣಿಯ ಕಂಬಕ್ಕೂ ಆ ಚೆಂಡಿಗೂ ನಡುವೆ ನೀರಿನ ಮೇಲೆ ಒಂದು ಗೆರೆ ಇದೆ ಎಂದು ಅಂದುಕೊಳ್ಳಬೇಕು. ರೇಸು ಹೊರಡುವುದು ಹರಿವಿಗೆ ಎದುರಾಗಿ. ಹಾಯಿದೋಣಿಗಳು ಗೆರೆಯ ಹಿಂದೆ ಹೊಂಚು ಹಾಕಿಕೊಂಡು ಸುತ್ತುತ್ತಿರುತ್ತವೆ. ಮೊದಲ ಹಾರ್ನ್ ಆದ ಐದು ನಿಮಿಷಕ್ಕೆ ಕೊನೆಯ ಹಾರ್ನ್, ಆಗ ಹೊರಡಬೇಕು. ಅದಕ್ಕೆ ಮೊದಲು ಮೂಗು ತೂರಿಸಿದವನು ಕೆಟ್ಟ.

"ಆ ದಡದಲ್ಲಿ ಇಟ್ಟಿಗೆ ಗೂಡಿನ ಚಿಮಣಿ ಕಾಣ್ತಾ?" ಮಾವ ಕೇಳಿದರು.

"ಕಾಣ್ತು ಮಾವ."

"ಅದರ ಮುಂದೆ ಲೈಟ್ ಕಂಬ ಕಾಣ್ತಾ? ಎರಡೂ ಒಂದರ ಹಿಂದೆ ಒಂದು ಇದ್ದಷ್ಟು ಹೊತ್ತು ನಮ್ಮ ದೋಣಿ ಇದ್ದಲ್ಲೇ ಇದೆ ಅಂತ. ಬೇರೆ ಬೇರೆ ಆದರೆ ಲಂಗರು ಜಾರ್ತಾ ಇದೆ ಅಂತ. ಅದನ್ನ ನೋಡ್ಕೊಂಡು ಕೂತಿರು. ಅಷ್ಟೇ ನಿನ್ನ ಕೆಲಸ. ಇನ್ನೊಂದು: ಮೊದಲ ಹಾರ್ನ್‌ನಿಂದ ಕೊನೆಯ ಹಾರ್ನ್‌ವರೆಗೆ ಈ ದೋಣಿಯಲ್ಲಿ ಇರೋದು ಒಂದೇ ಬಾಯಿ. ನಂದು."

ಹಾರ್ನ್ ಊದಲು ಒಬ್ಬ ಹಿರಿಯ ಹೆಂಗಸಿದ್ದಳು. ಎಲ್ಲರಿಗೂ ಹಾರ್ನ್ ಆಂಟಿ. ಕೆಲಸವಿಲ್ಲದಾಗ ಸ್ವೆಟರ್ ಹೆಣೆಯುತ್ತಾ ಬಾಯಿಗೆ ಬಿಡುವು ಕೊಡದವಳು. ಮಾವ ಅತ್ತ ತಿರುಗಿದ ಕೂಡಲೇ ಅಳಿಯನ ಕಡೆ ಬಾಗಿ, "ನಿಜ ಹೇಳ್ತಿದ್ದಾರೆ ಕಣಪ್ಪ. ಹೋದ ವರ್ಷ ನನ್ನ ಕುತ್ತಿಗೆಗೆ ಕಣಜ ಕಚ್ಚಿತು. ಬಾಯಿ ಬಿಡಲಿಲ್ಲ. ಕೊನೆಯ ಹಾರ್ನ್ ಊದಿದ ಮೇಲೇ ಅತ್ತಿದ್ದು. ನಿನ್ನ ಮಾವ ಏನಂದ್ರು ಗೊತ್ತಾ? ಹಾರ್ನ್ ಸ್ವಲ್ಪ ನಡುಗಿತು ಅಂದ್ರು!" ಎಂದಳು.

ಅಲ್ಲಿಂದ ಶುರುವಾಯಿತು ನೋಡಿ ವಾರ. ಅಳಿಯ ಕಟ್ಟಿದ ಗಂಟನ್ನು ಮಾವ ಎಲ್ಲರೂ ನೋಡುವ ಹಾಗೆ ಬಿಚ್ಚಿ, ಅದೇ ಗಂಟನ್ನು ಮತ್ತೆ ಕಟ್ಟುತ್ತಿದ್ದರು. ಬ್ರೆಡ್ಡಿನ ಪೊಟ್ಟಣ ಹಂಚುವಾಗ ಎಲ್ಲರಿಗೂ ಕೈಗೆ ಕೊಟ್ಟು ಇವನದನ್ನು ಮಾತ್ರ ಹಗ್ಗದ ಸುರುಳಿಯ ಮೇಲೆ ಇಟ್ಟುಬಿಡುತ್ತಿದ್ದರು. ತೇಲುವ ಜಾಕೆಟ್ಟುಗಳಲ್ಲಿ ಇವನ ಪಾಲಿಗೆ ಬಂದದ್ದು ಎದೆಯ ಮೇಲೆ ಬಾತುಕೋಳಿಯ ಚಿತ್ರವಿದ್ದದ್ದು. "ಮಾವ, ಇದು ಮಕ್ಕಳದ್ದು" ಎಂದರೆ, "ತೂಕ ನೋಡಿ ಕೊಡಲ್ಲ, ತಿಳಿವಳಿಕೆ ನೋಡಿ ಕೊಡ್ತೀವಿ" ಎಂಬ ಉತ್ತರ ಬಂತು.

ಅಳಿಯನೇನು ಸಾಧು ಪ್ರಾಣಿಯಲ್ಲ. ಮನೆಯಲ್ಲಾಗಿದ್ದರೆ ಒಂದಕ್ಕೆ ಎರಡು ಕೊಡುತ್ತಿದ್ದ. ಮಾವ ಕೆಮ್ಮಿದರೆ ಕಿಟಕಿ ತೆರೆದಿಡುವುದು, ಮಲಗಿದರೆ ಡ್ರಿಲ್ಲಿಂಗ್ ಮಷೀನು ತೆಗೆಯುವುದು, ಅವನಿಗೂ ತನ್ನವೇ ಆದ ಉಪಾಯಗಳಿದ್ದವು. ಆದರೆ ಈ ವಾರ ಉಗುಳು ನುಂಗಿಕೊಂಡು ಕೂತ. ಸಂಜೆ ಬೈಕಿನಲ್ಲಿ ಮನೆಗೆ ಹೋಗುವಾಗ ಹಿಂದಿನಿಂದ ಹೆಂಡತಿ ಕೇಳುವಳು:

"ಇವತ್ತು?"

"ಬಾತುಕೋಳಿ."

"ನೀವೇನಂದ್ರಿ?"

"ಕ್ವಾಕ್ ಅಂತಾನೂ ಅನ್ನಲಿಲ್ಲ."

ಅವಳು ನಕ್ಕು ಅವನ ಬೆನ್ನಿಗೆ ಹಣೆ ಒರಗಿಸುವಳು. ಆ ನಗುವಿನಲ್ಲಿ ಲಾಂಡ್ರಿಯ ಮೇಲಿನ ಕೋಣೆಗಳು ಇನ್ನಷ್ಟು ಹತ್ತಿರ ಬಂದಂತೆ ಅವನಿಗನ್ನಿಸುತ್ತಿತ್ತು. ಆಗಲೇ ಅವಳು ಅಲ್ಲಿಗೆ ಎಂಥ ಪರದೆ ಹಾಕಬೇಕೆಂದು ಮಾತಾಡತೊಡಗಿದ್ದಳು. ಒಂದೇ ಕೊರಗು ಅವಳಿಗೆ: "ಅಪ್ಪ ಒಬ್ಬನೇ ಆಗ್ತಾನಲ್ಲ ರೀ."

ಭಾನುವಾರ ಬೆಳಿಗ್ಗೆ ನದಿ ಬೇರೆಯಾಗಿತ್ತು. ಮೇಲಿನ ಕಡೆ ರಾತ್ರಿ ಚೆನ್ನಾಗಿ ಮಳೆ ಬಿದ್ದಿರಬೇಕು. ನೀರು ಕಂದುಬಣ್ಣಕ್ಕೆ ತಿರುಗಿ, ಕಸಕಡ್ಡಿಗಳನ್ನು ಹೊತ್ತುಕೊಂಡು ಅವಸರದಲ್ಲಿತ್ತು. ಲಂಗರಿನ ಹಗ್ಗ ವೀಣೆಯ ತಂತಿಯ ಹಾಗೆ ಬಿಗಿದುಕೊಂಡು ಸಣ್ಣಗೆ ಗುಂಯ್‌ಗುಡುತ್ತಿತ್ತು. ಹಗ್ಗದ ಮೇಲೆ ಕೈಯಿಟ್ಟವನಿಗೆ ತನ್ನ ಕಸುಬಿನ ನೆನಪಾಯಿತು, ಭಾರ ಹೆಚ್ಚಾದ ಲಿಫ್ಟಿನ ಕೇಬಲ್ ಹೀಗೇ ಮಾತಾಡುತ್ತದೆ.

"ಮಾವ, ಹಗ್ಗ ಇನ್ನಷ್ಟು ಬಿಡಲಾ? ನೀರು ಜೋರಿದೆ."

"ನಾನು ಕೇಳಿದೆನಾ?"

"ಇಲ್ಲ, ಆದರೆ..."

"ಕೇಳಿದಾಗ ಹೇಳು. ಆರು ದಿನ ಬೆಂಚು ಬಿಸಿ ಮಾಡಿದ ಕೂಡಲೇ ನಾವಿಕ ಆಗಿಬಿಟ್ಯಾ? ನಿನ್ನನ್ನ ಕೇಳಿಕೊಂಡು ನಡೆಸೋ ಹಾಗಿದ್ದಿದ್ರೆ ಈ ಕ್ಲಬ್ಬು ಯಾವತ್ತೋ ಮುಳುಗಿರ್ತಿತ್ತು."

ಹಾರ್ನ್ ಆಂಟಿ ಹೆಣಿಗೆಯ ಮೇಲಿನ ಕಣ್ಣು ತೆಗೆಯಲಿಲ್ಲ. ಆದರೆ ಒಂದು ಕುಣಿಕೆ ತಪ್ಪಿ ಹೆಣೆದು ಮತ್ತೆ ಬಿಚ್ಚಿದಳು.

ಅದು ಕೊನೆಯ ರೇಸು. ಕಪ್ಪಿಗಾಗಿ ಪೈಪೋಟಿ ಇದ್ದದ್ದು ಎರಡೇ ದೋಣಿಗಳ ನಡುವೆ. ವಾರದ ಅಂಕಗಳಲ್ಲಿ ಮುಂದಿದ್ದವನು ನಗರಸಭೆಯ ಇಂಜಿನಿಯರ್, ಹೋದ ವರ್ಷವೂ ಅವನೇ ಗೆದ್ದಿದ್ದ. ಕೂದಲೆಳೆಯಷ್ಟು ಹಿಂದೆ ಇದ್ದವರು ಬೇಕರಿ ನಡೆಸುವ ಅಕ್ಕತಂಗಿಯರು. ಮುಂಜಾನೆ ಬ್ರೆಡ್ಡು ಬೇಯಿಸಿ, ಮಧ್ಯಾಹ್ನ ನದಿಗಿಳಿದು, ವರ್ಷವಿಡೀ ಅಭ್ಯಾಸ ಮಾಡಿದವರು. ಈ ರೇಸು ಗೆದ್ದರೆ ಕಪ್ಪು ಅವರದು. ಎಲ್ಲರೂ ಆತುರದಲ್ಲಿದ್ದರು. ಎರಡು ಸಲ ಗುಂಪಾಗಿ ಗೆರೆ ದಾಟಿ ಬಂದರು, ಎರಡು ಸಲವೂ ಮಾವ ವಾಪಸು ಕರೆಸಿದರು. ಮೂರನೆಯ ಸಲ ಅವರ ಮುಖ ಗಂಟಿಕ್ಕಿಕೊಂಡಿತು.

"ಕರಿ ಬಾವುಟ ಹಾಕಿ," ಎಂದರು.

ಕರಿ ಬಾವುಟವೆಂದರೆ ಕೊನೆಯ ನಿಮಿಷದಲ್ಲಿ ಗೆರೆ ದಾಟಿದವರಿಗೆ ಕ್ಷಮೆಯಿಲ್ಲ, ವಾಪಸು ಬಂದರೂ ಲೆಕ್ಕಕ್ಕಿಲ್ಲ. ರೇಸಿನಿಂದಲೇ ಹೊರಗೆ.

ಮೊದಲ ಹಾರ್ನ್ ಕೂಗಿತು. ದೋಣಿ ಗಪ್‌ಚುಪ್ಪಾಯಿತು. ಮಾವ ದೋಣಿಯ ಕಂಬಕ್ಕೆ ಕೆನ್ನೆ ಒತ್ತಿ ಒಂದು ಕಣ್ಣು ಮುಚ್ಚಿ ಚೆಂಡನ್ನೇ ನೋಡುತ್ತಾ ನಿಂತರು. ಹಾರ್ನ್ ಆಂಟಿ ಗಡಿಯಾರ ನೋಡುತ್ತಿದ್ದಳು. ಅಳಿಯ ಚಿಮಣಿ ನೋಡಿದ.

ಚಿಮಣಿಯ ಎಡಕ್ಕೆ ಲೈಟ್ ಕಂಬದ ಅಂಚು ಇಣುಕುತ್ತಿತ್ತು.

ಮೊದಲು ತನ್ನ ಕಣ್ಣೇ ಮೋಸ ಮಾಡುತ್ತಿದೆ ಅಂದುಕೊಂಡ. ರೆಪ್ಪೆ ಬಡಿದು ನೋಡಿದ. ಕಂಬ ಪೂರ್ತಿ ಹೊರಗೆ ಬಂದಿತ್ತು. ಕಾಲ ಕೆಳಗೆ ಹಗ್ಗ ಕಟಕಟ ಎಂದು ಸಣ್ಣಗೆ ಎಳೆದುಕೊಳ್ಳುತ್ತಿತ್ತು, ಲಂಗರು ನದಿಯ ತಳವನ್ನು ಕೆರೆಯುತ್ತಾ ಬರುತ್ತಿತ್ತು. ಕಮಿಟಿ ದೋಣಿ ಹರಿವಿನ ಜೊತೆ ಹಿಂದಕ್ಕೆ, ಕಾಯುತ್ತಿದ್ದ ಹಾಯಿದೋಣಿಗಳ ಕಡೆಗೆ ಜಾರುತ್ತಿತ್ತು. ಅಂದರೆ ಅವರು ಗೆರೆ ದಾಟಬೇಕಾಗಿಯೇ ಇರಲಿಲ್ಲ. ಗೆರೆಯೇ ಹಿಂದೆ ಸರಿದು ಅವರ ದೋಣಿಗಳ ಕೆಳಗೆ ಬರುತ್ತಿತ್ತು.

ಬಾಯಿ ತೆರೆದ. ಎದುರಿಗೆ ಮಾವನ ಬೆನ್ನು ಕಾಣಿಸಿತು. ಇಸ್ತ್ರಿ ಮಾಡಿದ ಬಿಳಿ ಅಂಗಿ, ಸೆಟೆದ ಕತ್ತು. ಆ ಕತ್ತಿನಿಂದಲೇ ಅಲ್ಲವೇ 'ನಾನು ಕೇಳಿದೆನಾ' ಅನ್ನುವ ಮಾತು ಬಂದದ್ದು?

ತೆರೆದ ಬಾಯಿ ಮುಚ್ಚಿಕೊಂಡ.

ಕೇಳಿದಾಗ ಹೇಳು ಅಂದಿದ್ದಾರೆ, ಕೇಳಲಿ. ಒಂದೇ ಬಾಯಿ ಅಂದಿದ್ದಾರೆ, ಇರಲಿ ಒಂದೇ. ಜಗಳ ಆಡಬಾರದು ಎಂದು ಹೆಂಡತಿಗೆ ಮಾತು ಕೊಟ್ಟಿದ್ದೇನೆ, ಆಡುತ್ತಿಲ್ಲ. ಯಾರ ಮಾತನ್ನೂ ಮೀರದೆ, ಕೈ ಕಟ್ಟಿಕೊಂಡು, ಬಾತುಕೋಳಿಯ ಜಾಕೆಟ್ಟು ಹಾಕಿಕೊಂಡು, ಅವನು ಮಾವನ ರೇಸು ಕೊಚ್ಚಿಕೊಂಡು ಹೋಗುವುದನ್ನು ನೋಡುತ್ತಾ ಕೂತ. ಕಂಬಕ್ಕೂ ಚಿಮಣಿಗೂ ನಡುವೆ ಒಂದು ಲಾರಿ ನಿಲ್ಲಿಸುವಷ್ಟು ಜಾಗವಾಯಿತು.

ಬೇಕರಿಯ ಅಕ್ಕತಂಗಿಯರು ಕಮಿಟಿ ದೋಣಿಯ ಪಕ್ಕದಲ್ಲೇ ಜಾಗ ಹಿಡಿದಿದ್ದರು. ಎಲ್ಲರಿಗಿಂತ ಮೊದಲು ಗೆರೆ ಬಂದದ್ದು ಅವರ ಕೆಳಗೇ. ತಂಗಿ ಕತ್ತೆತ್ತಿ ನೋಡಿ, "ಅಕ್ಕಾ, ನಾವು ಮುಂದೆ ಹೋಗ್ತಿದ್ದೀವಾ, ಅವರು ಹಿಂದೆ ಬರ್ತಿದ್ದಾರಾ?" ಎಂದು ಕೂಗಿದ್ದು ಅಳಿಯನಿಗೆ ಸ್ಪಷ್ಟವಾಗಿ ಕೇಳಿಸಿತು.

ಕೊನೆಯ ಹಾರ್ನ್. ಮಾವ ಗಂಟಲು ಹರಿಯುವ ಹಾಗೆ ಹೊರಬಿದ್ದ ದೋಣಿಗಳ ನಂಬರು ಕೂಗಿದರು. ಬೇಕರಿಯವರದು ಮೊದಲನೆಯದು. ಗೆರೆಯ ಆ ತುದಿಯಲ್ಲಿ, ಚೆಂಡಿನ ಪಕ್ಕದಲ್ಲಿದ್ದ ಇಂಜಿನಿಯರ್ ಆರಾಮಾಗಿ ಹೊರಟುಹೋದ.

ಅಷ್ಟು ಹೊತ್ತಿಗೆ ಕಂಬದಿಂದ ಕೆನ್ನೆ ತೆಗೆದು ಮಾವ ದಡದ ಕಡೆ ನೋಡಿದರು. ನೋಡುತ್ತಲೇ ನಿಂತರು. ಆಮೇಲೆ ಅಳಿಯನ ಕಡೆ ತಿರುಗಿದರು. ಇಬ್ಬರೂ ಒಬ್ಬರನ್ನೊಬ್ಬರು ನೋಡಿದರು.

ಕ್ಲಬ್ಬಿನ ಮೇಲಿನ ಕೋಣೆಯಲ್ಲಿ ಸಭೆ ಸೇರಿತು. ಒದ್ದೆ ಬಟ್ಟೆಯ ವಾಸನೆ, ಕುರ್ಚಿಗಳ ಕೆಳಗೆ ಕೆಸರು ನೀರು. ಕ್ಲಬ್ಬಿನ ಕಾರ್ಯದರ್ಶಿ ದಂತವೈದ್ಯೆ, ಹಲ್ಲು ಕೀಳುವಾಗಿನ ತಾಳ್ಮೆಯಲ್ಲೇ ಎಲ್ಲರ ಮಾತು ಕೇಳುವವಳು. ಬೇಕರಿಯ ತಂಗಿ ಅತ್ತು ಅತ್ತು ಕಣ್ಣು ಕೆಂಪಾಗಿಸಿಕೊಂಡಿದ್ದಳು. ಅಕ್ಕ ಅಳುತ್ತಿರಲಿಲ್ಲ, ಉರಿಯುತ್ತಿದ್ದಳು.

"ನೋಡಿ ಇದನ್ನ," ಎಂದು ಮೊಬೈಲು ಮುಂದೆ ಹಿಡಿದಳು. "ನಮ್ಮಮ್ಮ ದಡದ ಮೇಲಿಂದ ತೆಗೆದದ್ದು. ದೊಡ್ಡವರ ದೋಣಿ ಹಿಂದೆ ಹಿಂದೆ ಬರ್ತಿದೆ. ಬಸ್ಸು ರಿವರ್ಸ್ ತಗೊಂಡ ಹಾಗೆ ಬರ್ತಿದೆ! ನಾವು ಇದ್ದಲ್ಲೇ ಇದ್ದೀವಿ. ಇದಕ್ಕೆ ನಾವು ಔಟಾ?"

ಕಾರ್ಯದರ್ಶಿ ನೋಡಿದಳು. ಮೊಬೈಲು ಕೈಯಿಂದ ಕೈಗೆ ಹೋಯಿತು. ಯಾರೋ ಹಿಂದಿನಿಂದ, "ಇಷ್ಟು ವರ್ಷ ನಮ್ಮನ್ನೆಲ್ಲ ಗೆರೆ ದಾಟಿದಿರಿ ಅಂತ ಬೈದರು, ಈಗ ಗೆರೇನೇ ಓಡಿಹೋಯ್ತಲ್ಲ" ಎಂದು ಕಿಸಕ್ಕೆಂದ. ಮಾವನ ಕಿವಿ ಕೆಂಪಾದವು.

"ರೇಸು ರದ್ದು," ಎಂದಳು ಕಾರ್ಯದರ್ಶಿ. "ಮತ್ತೆ ಓಡಿಸೋಣ ಅಂದರೆ ಗಾಳಿ ಸತ್ತಿದೆ. ನಿನ್ನೆಯ ಅಂಕಗಳೇ ಕೊನೆ."

ಅಂದರೆ ಕಪ್ಪು ಇಂಜಿನಿಯರಿಗೆ. ತಂಗಿ ಮತ್ತೆ ಬಿಕ್ಕಿದಳು. ಅಳಿಯ ಗೋಡೆಗೊರಗಿ ನಿಂತು ತನ್ನ ಚಪ್ಪಲಿಯ ಉಂಗುಟ ನೋಡಿಕೊಂಡ. ಈ ಹುಡುಗಿಯರ ಲೆಕ್ಕ ಅವನು ಹಾಕಿರಲಿಲ್ಲ. ಆದರೂ ಇನ್ನೇನು, ಸಂಜೆಯಾಗುತ್ತಾ ಬಂದಿತ್ತು. ಇನ್ನು ಸ್ವಲ್ಪ ಹೊತ್ತು ಬಾಯಿ ಹೊಲಿದುಕೊಂಡಿದ್ದರೆ ಕೋಣೆಗಳು ಅವನವು.

"ಒಂದು ಮಾತು," ಕಾರ್ಯದರ್ಶಿ ಮಾವನ ಕಡೆ ತಿರುಗಿದಳು. "ಲಂಗರು ನೋಡ್ಕೊಳ್ಳೋಕೆ ಅಂತಲೇ ನಿಮ್ಮ ಅಳಿಯ ಇದ್ದರಲ್ಲ?"

ಎಲ್ಲರ ಕಣ್ಣೂ ಗೋಡೆಯ ಕಡೆ ಹೊರಳಿದವು. ಈಗ ನನ್ನ ತಲೆಗೆ ಕಟ್ಟುತ್ತಾರೆ ಎಂದು ಅಳಿಯ ಮೈ ಬಿಗಿ ಮಾಡಿಕೊಂಡ. ಕಟ್ಟಲಿ, ತಡೆದುಕೊಳ್ಳುತ್ತೇನೆ.

ಮಾವ ನಕ್ಕರು. ನಿಜಕ್ಕೂ ನಗು ಬಂದವರ ಹಾಗೆ ನಕ್ಕರು.

"ಇವನಾ? ಛೆ ಛೆ. ತಪ್ಪು ನಂದು. ದೋಣಿ ನಂದು, ಗೆರೆ ನಂದು, ತಪ್ಪೂ ನಂದೇ. ಇವನನ್ನ ಎಲ್ಲಾದರೂ ಕೂರಿಸಬೇಕಿತ್ತು, ಲಂಗರಿನ ಹತ್ತಿರ ಕೂರಿಸಿದೆ. ಕುರ್ಚಿ ಮೇಲೆ ಚೀಲ ಇಟ್ಟ ಹಾಗೆ. ಚೀಲ ನೋಡ್ಕೊಳ್ಳುತ್ತೆ ಅಂತ ಯಾರಾದರೂ ನಂಬ್ತಾರಾ? ನನ್ನ ರೇಸು ಕೆಡಿಸೋದಕ್ಕೂ ಒಂದು ಯೋಗ್ಯತೆ ಬೇಕಮ್ಮ. ಅದು ಇವನಿಗಿಲ್ಲ."

ಬೈಗುಳವಾಗಿದ್ದರೆ ಅಳಿಯ ನುಂಗಿಕೊಳ್ಳುತ್ತಿದ್ದ, ವಾರವಿಡೀ ನುಂಗಿದವನು ಅವನು. ಆದರೆ ತಾನು ಮಾಡಿದ ಒಂದೇ ಒಂದು ಕೆಲಸವನ್ನೂ, ಅದು ಕೆಟ್ಟದ್ದೇ ಇರಲಿ, ಈ ಮನುಷ್ಯ ಕಸಿದುಕೊಂಡುಬಿಟ್ಟ. ಗೋಡೆಯಿಂದ ಬೆನ್ನು ಕಿತ್ತುಕೊಂಡು ಬಂದ.

"ಯೋಗ್ಯತೆ ಇಲ್ವಾ? ನಾನು ನೋಡಿದೆ ರೀ! ಮೊದಲ ಹಾರ್ನ್‌ನಿಂದಲೇ ನೋಡಿದೆ. ಲಂಗರು ಕಿತ್ತುಕೊಂಡು ಬರೋದು ನನ್ನ ಕಾಲಿಗೇ ಗೊತ್ತಾಗ್ತಿತ್ತು. ಬೇಕಂತಲೇ ಸುಮ್ಮನಿದ್ದೆ. ಒಂದೇ ಬಾಯಿ ಅಂದಿದ್ರಲ್ಲ, ಇಟ್ಕೊಳ್ಳಿ ನಿಮ್ಮ ಬಾಯಿ! ನಿಮ್ಮ ರೇಸು ಕೆಡಿಸಿದ್ದು ನಾನು. ಕೆಡಿಸಿದ್ದು ನಾನೇ!"

"ನೀನಲ್ಲ!" ಮಾವ ಮೇಜು ಗುದ್ದಿದರು.

"ನಾನೇ!"

"ನಿನ್ನ ಕೈಲಿ ಆಗಲ್ಲ ಅಂದೆ!"

ಬೇಕರಿಯ ಅಕ್ಕ ಎದ್ದು ನಿಂತಳು. "ಥೂ. ಇಬ್ಬರಿಗೂ ನಾಚಿಕೆ ಆಗಲ್ವಾ?" ಎಂದು ತಂಗಿಯ ಕೈ ಹಿಡಿದುಕೊಂಡು ಹೊರಟಳು. ಬಾಗಿಲಲ್ಲಿ ಕಿವಿಗೆ ಪೆನ್ನು ಸಿಕ್ಕಿಸಿಕೊಂಡು ಅಳಿಯನ ಹೆಂಡತಿ ನಿಂತಿದ್ದಳು. ಅವರಿಬ್ಬರಿಗೆ ದಾರಿ ಬಿಟ್ಟು ಒಳಗೆ ಬಂದಳು. ಅವಳು ಎಷ್ಟು ಹೊತ್ತಿನಿಂದ ಅಲ್ಲಿದ್ದಳೋ.

"ನೋಡಿದ್ರಾ?" ಎಂದು ಗಂಡನನ್ನು ಕೇಳಿದಳು.

"ನೋಡಿದೆ. ಆದರೆ ನಿಮ್ಮಪ್ಪ ಬಾಯಿ ಬಿಡಬೇಡ ಅಂತ..."

"ಕೈ ಇತ್ತಲ್ಲ ರೀ? ಅಪ್ಪನ ಭುಜ ತಟ್ಟಿ ಆ ಕಡೆ ತೋರಿಸೋಕೆ ಎಷ್ಟು ಹೊತ್ತು ಬೇಕಿತ್ತು?"

ಐದು ನಿಮಿಷವಿಡೀ ಎದೆಯ ಮೇಲೆ ಕಟ್ಟಿಕೊಂಡಿದ್ದ ಆ ಕೈಗಳ ನೆನಪೇ ಅವನಿಗಾಗಿರಲಿಲ್ಲ.

"ನಾನು ಜಗಳ ಆಡಲಿಲ್ಲ ಕಣೇ. ವಾರವಿಡೀ ಒಂದು ಮಾತು..."

"ಆಡಿದ್ದಿದ್ರೆ ಚೆನ್ನಾಗಿತ್ತು. ಜಗಳ ನನಗೆ ಅಭ್ಯಾಸ ಇದೆ. ಆ ಹುಡುಗಿಯರು ಔಟಾಗೋದನ್ನ ಕೈಕಟ್ಟಿ ನೋಡ್ತಾ ಕೂತಿದ್ರಲ್ಲ, ಅದು ಯಾರ ಬುದ್ಧಿ ಗೊತ್ತಾ? ಅಪ್ಪಂದು. ಅಮ್ಮನ ಮೇಲೆ ಸಿಟ್ಟು ಬಂದ್ರೆ ಅಪ್ಪ ಹೀಗೇ. ಹಾಲು ಉಕ್ಕೋದು ಕಣ್ಣೆದುರಿಗೆ ಕಂಡರೂ ಪೇಪರ್ ಓದ್ತಾ ಕೂರೋನು. ನಿನ್ನ ಒಲೆ, ನೀನು ನೋಡ್ಕೋ ಅಂತ. ಒಬ್ಬ ಅಪ್ಪನ ಮನೆ ಬಿಟ್ಟು ನಾನು ಇನ್ನೊಬ್ಬ ಅಪ್ಪನ ಮನೆಗೆ ಹೋಗಲಾ?"

"ಪುಟ್ಟಿ," ಎಂದರು ಮಾವ, ದನಿ ತಗ್ಗಿಸಿ. "ಬೇಡ ಬಿಡು. ನೀನು ಎಲ್ಲಿಗೂ ಹೋಗಬೇಡ. ನಮ್ಮನೆ ಇದೆಯಲ್ಲ."

"ಹೋಗ್ತೀನಪ್ಪ. ಮನೆಯೊಡತಿ ಸಂಜೆವರೆಗೆ ಕಾಯ್ತೀನಿ ಅಂದಿದ್ದಾಳೆ. ಕೋಣೆ ಚೆನ್ನಾಗಿದೆ, ನನಗೆ ಹಿಡಿಸಿದೆ. ನಾನೊಬ್ಬಳೇ ಇರ್ತೀನಿ."

"ನನ್ನೊಬ್ಬನ್ನೇ ಬಿಟ್ಟು?"

"ಒಬ್ಬನೇ ಹೇಗಾಗ್ತೀಯ? ಇಷ್ಟು ದಿನ ಅದೊಂದೇ ಚಿಂತೆ ನನ್ನನ್ನ ಕಟ್ಟಿಹಾಕಿತ್ತು. ಇವರಿದ್ದಾರಲ್ಲ, ಇಟ್ಕೋ. ಇಬ್ಬರೂ ಒಬ್ಬರಿಗೊಬ್ಬರು ಹೇಳಿ ಮಾಡಿಸಿದ ಹಾಗಿದ್ದೀರಿ."

ಅವಳು ಗಂಡನ ಮುಂದೆ ಕೈ ಚಾಚಿದಳು. ಏನು ಕೇಳುತ್ತಿದ್ದಾಳೆಂದು ತಿಳಿಯಲು ಅವನಿಗೆ ಸ್ವಲ್ಪ ಹೊತ್ತು ಹಿಡಿಯಿತು. ಬೈಕಿನ ಕೀಲಿ ಕೊಟ್ಟ. ಹಾರ್ನ್ ಆಂಟಿ ಹೆಣಿಗೆ ಮಡಚಿ ಚೀಲಕ್ಕೆ ಹಾಕಿಕೊಂಡು, "ನನ್ನನ್ನ ಬಸ್ ಸ್ಟಾಪಿನವರೆಗೆ ಬಿಡ್ತೀಯೇನಮ್ಮ?" ಎಂದು ಅವಳ ಹಿಂದೆಯೇ ಮೆಟ್ಟಿಲಿಳಿದಳು. ಕೆಳಗೆ ಬೈಕು ಶುರುವಾದ ಸದ್ದು ಕೇಳಿಸಿತು. ಆಮೇಲೆ ಅದೂ ಇಲ್ಲ.

ಒಬ್ಬೊಬ್ಬರಾಗಿ ಎಲ್ಲರೂ ಹೊರಟರು. ಹೋಗುವಾಗ ದೊಡ್ಡವರಿಗೆ ಹೋಗಿಬರುತ್ತೇವೆ ಎಂದವರು ಯಾರೂ ಇಲ್ಲ. ಮಾವ, ಅಳಿಯ ಇಬ್ಬರೂ ಕೆಳಗಿಳಿದು ಗೇಟಿನ ಹತ್ತಿರ ನಿಂತರು, ನಡುವೆ ಇನ್ನಿಬ್ಬರು ನಿಲ್ಲುವಷ್ಟು ಜಾಗ ಬಿಟ್ಟು.

"ಮನೆ ಬೀಗದ ಕೈ ತೆಗಿ," ಎಂದರು ಮಾವ.

"ನನ್ನ ಹತ್ತಿರ ಎಲ್ಲಿದೆ? ನಿಮ್ಮದೆಲ್ಲಿ?"

"ಪುಟ್ಟಿ ಪರ್ಸಿನಲ್ಲಿದೆ. ನಿನ್ನ ಹತ್ತಿರ ಇಲ್ವಾ? ಅದೆಂಥ ಗಂಡಸಯ್ಯ ನೀನು, ಒಂದು ಕೀಲಿ ಇಟ್ಕೊಳ್ಳೋಕೆ ಆಗಲ್ವಾ?"

"ಮೂರು ವರ್ಷದಲ್ಲಿ ಒಂದು ದಿನ ಕೊಟ್ಟಿದ್ದೀರಾ ನೀವು ನನಗೆ ಕೀಲಿ?"

ಮಾವ ರಸ್ತೆಯ ಆ ತುದಿ ಈ ತುದಿ ನೋಡಿದರು. ಲಾಂಡ್ರಿ ಯಾವ ಬೀದಿಯಲ್ಲಿದೆ ಎಂದು ಅವರಿಗೆ ಗೊತ್ತಿರಲಿಲ್ಲ, ಮಗಳು ಹೊರಟ ಮನೆ ಎಲ್ಲಿದೆ ಎಂದು ಅವರು ಯಾವತ್ತೂ ಕೇಳಿರಲಿಲ್ಲ. ಕೇಳುವುದಕ್ಕೆ ಈಗಲೂ ಬಾಯಿ ಬರುತ್ತಿರಲಿಲ್ಲ. ಅಳಿಯನೂ ತಾನಾಗಿ ಹೇಳಲಿಲ್ಲ. ನದಿಯ ಕಡೆಯಿಂದ ತಣ್ಣನೆಯ ಗಾಳಿ ಬೀಸತೊಡಗಿತು, ಮಧ್ಯಾಹ್ನ ಬೇಕಾಗಿದ್ದ ಗಾಳಿ. ಮಾವ ತೋಳು ಉಜ್ಜಿಕೊಂಡರು.

"ನಡಿ ಮುಂದೆ," ಎಂದರು ಕೊನೆಗೆ.

ಅಳಿಯ ನಡೆದ. ಹತ್ತು ಹೆಜ್ಜೆ ಹೋಗುವುದರೊಳಗೆ ಹಿಂದಿನಿಂದ ದನಿ ಬಂತು: "ಕಾಲೆಳೆದುಕೊಂಡು ಯಾಕೆ ನಡೀತೀಯ? ಚಪ್ಪಲಿ ಸವೆಯುತ್ತೆ."

ಅವನು ಇನ್ನಷ್ಟು ಜೋರಾಗಿ ಕಾಲೆಳೆದ.